ಒಂದೇ ಪಂಕ್ತಿಯ ಎಲೆಗಳು

ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನಿಗೆ ಬಡಿಸುವವರ ಮೇಲೆ ಒಂದು ನಂಬಿಕೆ ಇರುತ್ತದೆ. ಮೊದಲ ಎಲೆಗೆ ಬಿದ್ದ ಪಾಯಸವೇ ಕೊನೆಯ ಎಲೆಗೂ ಬರುತ್ತದೆ, ತಡವಾದರೂ ಬಂದೇ ಬರುತ್ತದೆ ಎಂಬ ನಂಬಿಕೆ ಅದು. ಹಾಗಾಗದೆ, ಒಂದೇ ಸಾಲಿನಲ್ಲಿ ಕುಳಿತವರಿಗೆ ಮುಖ ನೋಡಿ ಬಡಿಸಿದರೆ ಅದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಕರೆದು ದೋಷವೆಂದೇ ಎಣಿಸಿದರು. ಈ ಮಾತು ಭೋಜನಶಾಲೆಗೆ ಮಾತ್ರ ಸಂಬಂಧಿಸಿದ್ದೇ, ಅಥವಾ ಎಲ್ಲರಿಗೂ ಬೇಕಾದ ವಸ್ತು ಎಲ್ಲರಿಗೂ ಒಮ್ಮೆಗೇ ಸಾಲದಿದ್ದಾಗಲೆಲ್ಲ ಅನ್ವಯಿಸುವಂಥದೇ ಎಂಬ ಪ್ರಶ್ನೆಯನ್ನು 2021ನೆಯ ಇಸವಿಯ ಮೊದಲ ತಿಂಗಳುಗಳು ಕೋಲ್ಕತ್ತಾದಲ್ಲಿ ನೆಲೆಸಿರುವ ನಮ್ಮೆಲ್ಲರ ಮುಂದೆ ಇಟ್ಟವು. ವರ್ಷಗಳು ಕಳೆದು ಭಯ ಇಳಿದಿರುವ ಈಗ ಆ ಪ್ರಶ್ನೆಯನ್ನು ಸಮಾಧಾನದಿಂದ ವಿಚಾರ ಮಾಡುವುದು ಸಾಧ್ಯವಾಗಿದೆ.

ನಡೆದುದನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳೋಣ. ಪಶ್ಚಿಮ ಬಂಗಾಳದಲ್ಲಿ ಮೊದಲ ಕೋವಿಡ್ ಪ್ರಕರಣ ಪತ್ತೆಯಾದದ್ದು 2020ರ ಮಾರ್ಚ್ 17ರಂದು. ಕೆಲವೇ ದಿನಗಳಲ್ಲಿ ಉಪನಗರದ ಲೋಕಲ್ ರೈಲುಗಳು ನಿಂತವು. ಮೇ 20ರಂದು ಅಂಫಾನ್ ಚಂಡಮಾರುತ ಬಂದು ಗಾಯದ ಮೇಲೆ ಬರೆ ಎಳೆಯಿತು. ಆ ವರ್ಷದ ದುರ್ಗಾಪೂಜೆಯಲ್ಲಿ ಜನರು ಮಂಟಪಗಳ ಒಳಗೆ ಪ್ರವೇಶಿಸಬಾರದೆಂದು ಉಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ಈ ಊರಿನವರಿಗೆ ಅದು ಎಂತಹ ಆಜ್ಞೆಯೆಂಬುದನ್ನು ಇಲ್ಲಿ ಒಂದೆರಡು ಶರದೃತುಗಳನ್ನು ಕಳೆದವರಿಗೆ ವಿವರಿಸಬೇಕಾಗಿಲ್ಲ. ನವೆಂಬರ್ 11ರಂದು ಲೋಕಲ್ ರೈಲುಗಳು ಮತ್ತೆ ಓಡಿದವು. 2021ರ ಜನವರಿ 12ರಂದು ಪುಣೆಯಿಂದ ಕೋವಿಶೀಲ್ಡ್ ಲಸಿಕೆಯ ಮೊದಲ ಕಂತು ವಿಮಾನದಲ್ಲಿ ಬಂದಿತು. ರಾಜ್ಯದ ಪಾಲಿಗೆ ದೊರೆತದ್ದು ಸುಮಾರು 6.89 ಲಕ್ಷ ಡೋಸುಗಳು. ರಾಜ್ಯದ ಜನಸಂಖ್ಯೆಯಾದರೋ ಒಂಬತ್ತು ಕೋಟಿಗೂ ಮೀರಿದ್ದು. ಜನವರಿ 16ರಂದು ಇನ್ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ಚುಚ್ಚುಮದ್ದು ಆರಂಭವಾಯಿತು.

ಅಂದು ದೇಶದಲ್ಲಿ ಮೊದಲ ಎಲೆ ಯಾರಿಗೆ ಹಾಕಲಾಯಿತು? ದೆಹಲಿಯ ಏಮ್ಸ್ ಆಸ್ಪತ್ರೆಯ ಸ್ವಚ್ಛತಾ ಕಾರ್ಮಿಕ ಮನೀಶ್ ಕುಮಾರ್ ಎಂಬವರಿಗೆ. ಮಂತ್ರಿಗಳು, ನ್ಯಾಯಾಧೀಶರು, ಧನಿಕರು ಎಲ್ಲರೂ ಇದ್ದ ದೇಶದಲ್ಲಿ ಕಸ ಗುಡಿಸುವವರು ಮುಂದಿನ ಮಣೆಯಲ್ಲಿ ಕುಳಿತರು. ಅವರ ಹಿಂದೆ ವೈದ್ಯರು, ದಾದಿಯರು, ಆಂಬುಲೆನ್ಸ್ ಚಾಲಕರು. ಆ ಬಳಿಕ ಪೊಲೀಸರು, ಪೌರಕಾರ್ಮಿಕರು. ಮಾರ್ಚ್ 1ರಿಂದ ಅರವತ್ತು ದಾಟಿದವರು ಮತ್ತು ನಲವತ್ತೈದು ದಾಟಿ ಇತರ ರೋಗಗಳಿಂದ ಬಳಲುವವರು, ಏಪ್ರಿಲ್ 1ರಿಂದ ನಲವತ್ತೈದು ದಾಟಿದ ಎಲ್ಲರೂ. ಈ ಕ್ರಮವನ್ನು ನಿರ್ಧರಿಸಿದ್ದು ಪದವಿಯೂ ಅಲ್ಲ, ಹಣವೂ ಅಲ್ಲ. ಯಾರ ಮೈಮೇಲೆ ಅಪಾಯ ಹೆಚ್ಚು, ಯಾರ ಹೆಗಲ ಮೇಲೆ ಇತರರ ಪ್ರಾಣದ ಹೊರೆ ಹೆಚ್ಚು, ಅವರು ಮೊದಲು.

ಇಲ್ಲೊಂದು ಶಂಕೆ ಬರುತ್ತದೆ. ನಮ್ಮ ಪಂಕ್ತಿಯಲ್ಲಿ ಬಡಿಸುವವರು ಕೊನೆಗೆ ಉಣ್ಣುತ್ತಾರೆ. ಅತಿಥಿ ಹಸಿದಿರುವಾಗ ಗೃಹಸ್ಥನು ಊಟಕ್ಕೆ ಕುಳಿತುಕೊಳ್ಳಬಾರದು. ಹಾಗಿದ್ದಲ್ಲಿ ರೋಗಿಗೆ ಕೊಡುವ ಮೊದಲು ವೈದ್ಯರು ತಾವೇ ತೆಗೆದುಕೊಂಡದ್ದು ಹೇಗೆ ಸರಿ? ಸಮಾಧಾನವೇನೆಂದರೆ, ಬಡಿಸುವವನ ಹಸಿವಿನಿಂದ ಉಣ್ಣುವವನ ಎಲೆಗೆ ಕುಂದಿಲ್ಲ. ಆದರೆ ರೋಗ ತಗುಲಿದ ದಾದಿ ಹಾಸಿಗೆ ಹಿಡಿದರೆ ಇಡೀ ವಾರ್ಡೇ ನಿಲ್ಲುತ್ತದೆ. ಆಕೆ ಮೊದಲು ಪಡೆದದ್ದು ತನ್ನ ಪಾಲನ್ನಲ್ಲ, ತನ್ನ ಕೈಕೆಳಗಿನ ರೋಗಿಗಳ ಪಾಲನ್ನೇ. ಧರ್ಮದ ಹೊರರೂಪ ತಲೆಕೆಳಗಾದಂತೆ ಕಂಡರೂ ಒಳಗಿನ ಕಾರಣ ಒಂದೇ ಆಗಿದೆ.

ತಾರತಮ್ಯವನ್ನು ಒಪ್ಪುವ ಸಿದ್ಧಾಂತದವರು ನಾವು, ಮೇಲು ಕೆಳಗೆಂಬುದನ್ನು ನೋಡದ ಇಂತಹ ಸರದಿ ನಮ್ಮ ಮನಸ್ಸಿಗೆ ಹೊಂದುವುದೇ ಎಂದು ಕೇಳುವವರೂ ಉಂಟು. ಜೀವರ ಸ್ವರೂಪದಲ್ಲಿರುವ ತಾರತಮ್ಯ ವೇತನದ ಚೀಟಿಯಲ್ಲಾಗಲಿ, ಮನೆಯ ವಿಳಾಸದಲ್ಲಾಗಲಿ ಬರೆದಿರುವುದಿಲ್ಲ. ಅಷ್ಟೇ ಅಲ್ಲ, ಉಪನಿಷತ್ತಿನಲ್ಲಿ ಇಂದ್ರಿಯಗಳು ತಮ್ಮಲ್ಲಿ ಯಾರು ಶ್ರೇಷ್ಠರೆಂದು ಜಗಳವಾಡಿದ ಕಥೆಯನ್ನು ವಾಚಕರು ಬಲ್ಲರು. ಮಾತು ಒಂದು ವರ್ಷ ಹೊರಟುಹೋಯಿತು, ದೇಹ ಮೂಕವಾಗಿ ಬದುಕಿತು. ಕಣ್ಣು ಹೋಯಿತು, ಕುರುಡಾಗಿ ಬದುಕಿತು. ಪ್ರಾಣನು ಹೊರಡಲು ಎದ್ದಾಗ ಮಾತ್ರ ಉಳಿದವೆಲ್ಲವೂ ಬುಡಸಮೇತ ಕಿತ್ತುಬರುವಂತಾಯಿತು. ಅಲ್ಲಿ ಶ್ರೇಷ್ಠತೆ ಸಿದ್ಧವಾದದ್ದು ವಾದದಿಂದಲ್ಲ, ಉಳಿದವರೆಲ್ಲ ಯಾರನ್ನು ಆಶ್ರಯಿಸಿದ್ದಾರೆಂಬುದರಿಂದ. ಉಸಿರಿಗಾಗಿಯೇ ಊರೆಲ್ಲ ಪರದಾಡಿದ ಆ ವರ್ಷದಲ್ಲಿ, ಆಮ್ಲಜನಕದ ಸಿಲಿಂಡರನ್ನು ಉರುಳಿಸಿಕೊಂಡು ಬಂದ ವಾರ್ಡಿನ ಆಳಿಗೆ ಮೊದಲ ಸರದಿ ದೊರೆತದ್ದರಲ್ಲಿ ತಾರತಮ್ಯದ ಭಂಗ ನಮಗಂತೂ ಕಾಣುವುದಿಲ್ಲ.

ಪಂಕ್ತಿ ಕೆಟ್ಟದ್ದೂ ಮೊದಲ ದಿನವೇ. ಪೂರ್ವ ವರ್ಧಮಾನ ಜಿಲ್ಲೆಯಲ್ಲಿ ಕೆಲವು ಜನಪ್ರತಿನಿಧಿಗಳು ಆರೋಗ್ಯ ಕಾರ್ಯಕರ್ತರ ಸಾಲಿನಲ್ಲಿ ಲಸಿಕೆ ಪಡೆದರೆಂದು ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯಾಯಿತು. ಆಸ್ಪತ್ರೆಯ ರೋಗಿ ಕಲ್ಯಾಣ ಸಮಿತಿಯಲ್ಲಿ ಇರುವುದರಿಂದ ತಮ್ಮ ಹೆಸರು ಪಟ್ಟಿಯಲ್ಲಿತ್ತೆಂಬ ಸಮರ್ಥನೆಯೂ ಬಂದಿತು. ಅವರನ್ನು ನಿಂದಿಸುವುದು ಸುಲಭ. ಆದರೆ ಪರಿಚಯದ ಮೂಲಕ ಎರಡು ವಾರ ಮೊದಲೇ ಕೆಲಸ ಮಾಡಿಸಿಕೊಂಡದ್ದನ್ನು ಜಾಣತನವೆಂದು ಹೇಳಿಕೊಂಡ ಸಜ್ಜನರು ನಮ್ಮ ನಡುವೆಯೂ ಇದ್ದರು. ಇದಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಕೋವಿಶೀಲ್ಡಿನ ಒಂದು ಶೀಷೆಯಲ್ಲಿ ಹತ್ತು ಡೋಸು. ಮುಚ್ಚಳ ಚುಚ್ಚಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಸಂಜೆ ಎಂಟು ಜನ ಮಾತ್ರ ಬಂದಿದ್ದರೆ ಉಳಿದ ಎರಡನ್ನು ಸರದಿ ಇಲ್ಲದವನು ಪಡೆಯಬಹುದೇ? ಪಡೆಯಬಹುದು, ಪಡೆಯಲೇಬೇಕು, ಅನ್ನವನ್ನು ಚೆಲ್ಲುವುದು ಅದಕ್ಕಿಂತ ದೊಡ್ಡ ದೋಷ. ಆದರೆ ಉಳಿದದ್ದನ್ನು ಪಡೆಯುವುದು ಬೇರೆ, ಉಳಿಯುವಂತೆ ಮಾಡಿಸುವುದು ಬೇರೆ. ಇವೆರಡರ ಅಂತರ ಹೊರಗಿನವರಿಗೆ ತಿಳಿಯದಿರಬಹುದು. ಪಡೆದವನ ಸಾಕ್ಷಿಗೆ ತಿಳಿದೇ ಇರುತ್ತದೆ.

ಸರದಿಯನ್ನು ಹಾರುವುದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಸರದಿ ಬಂದಾಗ ಒಲ್ಲೆನೆನ್ನುವುದು ಹೇಗೆ ಎಂಬಲ್ಲಿ ಅಭಿಪ್ರಾಯಗಳು ಒಡೆಯುತ್ತವೆ. ನಮ್ಮ ಮನೆಗಳ ಹಿರಿಯರಲ್ಲಿ ಹಲವರು, ಎಂಬತ್ತು ದಾಟಿತು, ಇನ್ನು ನಮಗೇಕೆ, ಮೊಮ್ಮಕ್ಕಳಿಗೆ ಸಿಗಲಿ ಎಂದರು. ಇದರ ಹಿಂದಿನ ಔದಾರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಇದು ತ್ಯಾಗವಾಗಲು ಒಂದು ಅಡ್ಡಿ ಇದೆ: ಬಿಟ್ಟುಕೊಟ್ಟದ್ದರ ಬೆಲೆಯನ್ನು ತೆರುವವನು ಬಿಟ್ಟವನೇ ಆಗಿರಬೇಕು. ಎಂಬತ್ತು ವರ್ಷದವರಿಗೆ ಈ ರೋಗ ಬಂದರೆ ಆಸ್ಪತ್ರೆಯ ಹಾಸಿಗೆ ಬೇಕು, ಆಮ್ಲಜನಕ ಬೇಕು, ಹಗಲಿರುಳು ಇಬ್ಬರ ಶುಶ್ರೂಷೆ ಬೇಕು. ಎಂಟು ಹಂತಗಳ ಚುನಾವಣೆ ಮುಗಿದ ಮೇಲೆ, 2021ರ ಮೇ ತಿಂಗಳ ಮಧ್ಯದಲ್ಲಿ, ಈ ರಾಜ್ಯದಲ್ಲಿ ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ಬಂದಾಗ ಅಂತಹ ಒಂದು ಹಾಸಿಗೆಗಾಗಿ ಯಾರ ಮಗನೋ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದನು. ಅಜ್ಜನವರು ಮೊಮ್ಮಗನಿಗೆಂದು ಬಿಟ್ಟ ಡೋಸು ಮೊಮ್ಮಗನಿಗೆ ಹೋಗಲೂ ಇಲ್ಲ. ಆ ವಯಸ್ಸಿನವರ ಸರದಿ ಮೇ ತಿಂಗಳವರೆಗೆ ತೆರೆದೇ ಇರಲಿಲ್ಲ.

ಭಯದಿಂದ ಒಲ್ಲೆನೆಂದವರ ವಿಷಯ ಬೇರೆ. ಅವರನ್ನು ಅಜ್ಞರೆಂದು ತಳ್ಳಿಹಾಕಿದ್ದು ನಮಗೆ ಸರಿಕಾಣುವುದಿಲ್ಲ. ಜನವರಿ 3ರಂದು ಎರಡು ಲಸಿಕೆಗಳಿಗೆ ಅನುಮತಿ ದೊರೆತಾಗ ಕೋವ್ಯಾಕ್ಸಿನ್ನಿನ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ಮಧ್ಯಂತರ ಫಲಿತಾಂಶ ಹೊರಬಿದ್ದದ್ದು ಮಾರ್ಚ್ 3ರಂದು. ಅಲ್ಲಿಯವರೆಗೆ ಸಂಶಯಪಟ್ಟವನದು ಮೂರ್ಖತನವಲ್ಲ. ಪ್ರತ್ಯಕ್ಷದಿಂದ ತಿಳಿಯಲಾಗದ್ದನ್ನು ನಾವು ಆಪ್ತನ ಮಾತಿನಿಂದ ತಿಳಿಯುತ್ತೇವೆ. ಆಪ್ತನೆಂದರೆ ವಿಷಯವನ್ನು ಬಲ್ಲವನು ಮತ್ತು ವಂಚಿಸದವನು. ತನಗೆ ಇನ್ನೂ ತಿಳಿಯದ್ದನ್ನು ತಿಳಿಯದೆಂದು ಹೇಳುವವನೂ ಅವನೇ. ಈ ಊರಿನಲ್ಲಿ ಅದಕ್ಕೊಂದು ಹಳೆಯ ಉದಾಹರಣೆ ಇದೆ. 1894ರಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಕಲ್ಕತ್ತೆಯ ಬಸ್ತಿಗಳಲ್ಲಿ ಕಾಲರಾ ಲಸಿಕೆಯನ್ನು ಚುಚ್ಚಿದರು. ಜನ ಸುಲಭವಾಗಿ ಒಪ್ಪಲಿಲ್ಲ. ಆದರೆ ಆ ಮದ್ದನ್ನು ಅವರು ಎರಡು ವರ್ಷ ಮೊದಲೇ ತಮ್ಮ ದೇಹದ ಮೇಲೆ ಪ್ರಯೋಗಿಸಿಕೊಂಡಿದ್ದರು. 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದಾಗಲೂ ಹಾಗೆಯೇ ಮಾಡಿದರು. ಮರುವರ್ಷ ಬೆಂಗಳೂರಿಗೆ ಬಂದ ಪ್ಲೇಗು ಅದೇ ವ್ಯಾಧಿ. ಪ್ಲೇಗಮ್ಮನ ಗುಡಿಗಳ ಮೂಲಕ ಅದರ ನೆನಪು ನಮ್ಮ ಕಡೆ ಇಂದಿಗೂ ಉಳಿದಿದೆ.

ಆಪ್ತರ ಸಾಲಿಗೆ ನಾವು ಇನ್ನೂ ಕೆಲವರನ್ನು ಸೇರಿಸುತ್ತೇವೆ. ಕಾಲರಾ ಸಂಶೋಧನೆಗೆಂದೇ 1962ರಲ್ಲಿ ಇಲ್ಲಿ ಸ್ಥಾಪಿತವಾದ ಸಂಸ್ಥೆ 2020ರಲ್ಲಿ ಬೆಲೆಘಾಟದಲ್ಲಿ ನೈಸೆಡ್ ಎಂಬ ಹೆಸರಿನಲ್ಲಿತ್ತು. 2020ರ ಡಿಸೆಂಬರ್ 2ರಂದು ಅಲ್ಲಿ ಕೋವ್ಯಾಕ್ಸಿನ್ನಿನ ಮೂರನೆಯ ಹಂತದ ಪರೀಕ್ಷೆ ಆರಂಭವಾಯಿತು. ಸಚಿವ ಫಿರ್ಹಾದ್ ಹಕೀಮರು ಮೊದಲ ಸ್ವಯಂಸೇವಕರಾಗಿ ತೋಳನ್ನೊಡ್ಡಿದರು. ದೇಶದಾದ್ಯಂತ ಸುಮಾರು 25,800 ಮಂದಿ ಈ ಪರೀಕ್ಷೆಗೆ ಸೇರಿದರು. ಅವರಲ್ಲಿ ಅರ್ಧದಷ್ಟು ಜನರಿಗೆ ಚುಚ್ಚಿದ್ದು ಲಸಿಕೆಯಲ್ಲ, ಗುಣವಿಲ್ಲದ ದ್ರವ. ಯಾರಿಗೆ ಯಾವುದೆಂದು ಚುಚ್ಚಿದವರಿಗೂ ಗೊತ್ತಿಲ್ಲ, ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ. ತನ್ನ ಎಲೆಯಲ್ಲಿ ಅನ್ನವಿದೆಯೋ ಇಲ್ಲವೋ ತಿಳಿಯದೆ ಪಂಕ್ತಿಯಲ್ಲಿ ಕುಳಿತು, ಉಂಡವರಂತೆಯೇ ಎದ್ದುಹೋದವರು ಅವರು. ಆ ಸಾವಿರಾರು ಜನರ ಹೆಸರು ನಮಗೆ ತಿಳಿಯದು, ತಿಳಿಯುವ ಪ್ರಯತ್ನವನ್ನೂ ನಾವು ಮಾಡಲಿಲ್ಲ.

ಜಗತ್ತಿನ ದೊಡ್ಡ ಪಂಕ್ತಿಯಲ್ಲಂತೂ ಭೇದ ಢಾಳಾಗಿಯೇ ಕಂಡಿತು. ನಲವತ್ತೊಂಬತ್ತು ಶ್ರೀಮಂತ ದೇಶಗಳಲ್ಲಿ 3.9 ಕೋಟಿ ಡೋಸುಗಳನ್ನು ಕೊಟ್ಟಾಗಿರುವಾಗ ಅತಿ ಬಡ ದೇಶವೊಂದಕ್ಕೆ ದೊರೆತದ್ದು ಇಪ್ಪತ್ತೈದು ಡೋಸು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು 2021ರ ಜನವರಿ 18ರಂದು ಹೇಳಿದರು. ಇಪ್ಪತ್ತೈದು ಲಕ್ಷವಲ್ಲ, ಇಪ್ಪತ್ತೈದು ಸಾವಿರವೂ ಅಲ್ಲ, ಬರಿಯ ಇಪ್ಪತ್ತೈದು. ನಮ್ಮ ದೇಶದೊಳಗೂ ಒಂದೇ ಮದ್ದಿಗೆ ಮೂರು ಬೆಲೆಗಳಾದವು: ಏಪ್ರಿಲಿನಲ್ಲಿ ಕೋವಿಶೀಲ್ಡಿಗೆ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಗಳಿಗೆ ಮೊದಲು 400, ಆಮೇಲೆ 300, ಖಾಸಗಿ ಆಸ್ಪತ್ರೆಗಳಿಗೆ 600. ಜೂನ್ 21ರಿಂದ ಸರ್ಕಾರಿ ಕೇಂದ್ರಗಳಲ್ಲಿ ವಯಸ್ಕರೆಲ್ಲರಿಗೂ ಕೇಂದ್ರದ ವತಿಯಿಂದ ಉಚಿತವಾಗಿ ದೊರೆಯುವವರೆಗೆ ಹಣವುಳ್ಳವನ ಸಾಲು ಬೇರೆಯೇ ಆಗಿತ್ತು. ಅದೇ ತಿಂಗಳು ಕಸಬಾದಲ್ಲಿ ಅಧಿಕಾರಿಯ ವೇಷ ತೊಟ್ಟವನೊಬ್ಬನು ಸುಳ್ಳು ಲಸಿಕಾ ಶಿಬಿರವನ್ನೇ ನಡೆಸಿ ಸಿಕ್ಕಿಬಿದ್ದನು. ಚುಚ್ಚಿಸಿಕೊಂಡ ಸಂಸತ್ ಸದಸ್ಯೆಯೊಬ್ಬರಿಗೆ ಮೊಬೈಲಿನಲ್ಲಿ ಸಂದೇಶ ಬಾರದಿದ್ದರಿಂದ ಅದು ಬಯಲಾಯಿತು. ಪಂಕ್ತಿಯ ಮೇಲಿನ ನಂಬಿಕೆ ಅಲುಗಿದಲ್ಲಿ ಬಡಿಸುವವರ ವೇಷದಲ್ಲಿ ಯಾರು ಬೇಕಾದರೂ ಬರುತ್ತಾರೆ.

ಇವೆಲ್ಲ ದೂರದ ಮಾತುಗಳಾದವು. ನಮ್ಮ ಮನೆಯ ಬಾಗಿಲಿಗೆ ಬರೋಣ. ಲೇಕ್ ಮಾರ್ಕೆಟ್ಟಿನ ಸುತ್ತ ಇರಲಿ, ಸಾಲ್ಟ್ ಲೇಕಿನಲ್ಲಿರಲಿ, ನಮ್ಮ ಹೆಚ್ಚಿನ ಮನೆಗಳಲ್ಲಿ ಪಾತ್ರೆ ತೊಳೆಯಲು, ನೆಲ ಒರೆಸಲು ಬರುವ ಹೆಂಗಸನ್ನು ಇಲ್ಲಿಯ ರೂಢಿಯಂತೆ ಮಾಶಿ ಎಂದು ಕರೆಯುತ್ತೇವೆ. ಮಾಶಿ ಎಂದರೆ ತಾಯಿಯ ಸೋದರಿ. ಬೆಳಗಿನ ರೈಲಿನಲ್ಲಿ ಕ್ಯಾನಿಂಗಿನಿಂದಲೋ ಸೋನಾರ್‌ಪುರದಿಂದಲೋ ನಿಂತುಕೊಂಡು ಬರುವ ಈ ಚಿಕ್ಕಮ್ಮನನ್ನು ಆ ದಿನಗಳಲ್ಲಿ ನಾವು ಹೇಗೆ ಕಂಡೆವು? ಕೆಲವು ವಸತಿ ಸಮುಚ್ಚಯಗಳಲ್ಲಿ ಆಕೆಗೆ ಲಿಫ್ಟ್ ನಿಷಿದ್ಧವಾಯಿತು. ನಮ್ಮ ಮಡಿಯನ್ನು ಕೊನೆಗೂ ಜಗತ್ತೇ ಒಪ್ಪಿತು ಎಂದು ಹಿಗ್ಗಿದವರೂ ಇದ್ದರು. ಮಡಿಯು ತನ್ನ ಸ್ನಾನ, ತನ್ನ ವಸ್ತ್ರ, ತನ್ನ ಪೂಜೆಗೆ ಸೇರಿದ ಸ್ವಂತ ನಿಯಮ. ಪೂಜೆ ಮುಗಿದೊಡನೆ ಅದರ ಕಟ್ಟು ಸಡಿಲವಾಗುತ್ತದೆ. ಮುಖಗವುಸಾದರೋ ಹೆಚ್ಚಾಗಿ ಎದುರಿಗಿರುವವನ ರಕ್ಷಣೆಗೆ ಕಟ್ಟಿದ್ದು. ಇವೆರಡನ್ನೂ ಬೆರೆಸಿ ಅದರ ಭಾರವನ್ನೆಲ್ಲ ಮಾಶಿಯ ತಲೆಯ ಮೇಲೆ ಹೊರಿಸುವುದಕ್ಕೆ ಮಡಿಯ ಶಾಸ್ತ್ರದಲ್ಲೂ ಆಧಾರವಿಲ್ಲ, ವೈದ್ಯಶಾಸ್ತ್ರದಲ್ಲೂ ಇಲ್ಲ. ವಿದೇಶದ ವಿಮಾನದಲ್ಲಿ ಮೊದಲು ಬಂದಿಳಿದ ರೋಗವನ್ನು ಕ್ಯಾನಿಂಗಿನ ರೈಲಿನಲ್ಲಿ ಹುಡುಕಿದ್ದು ವಿಚಿತ್ರವೇ ಸರಿ.

ಲಸಿಕೆ ಬಂದ ಮೇಲಿನ ಸಂಗತಿ ಇನ್ನೂ ಸಣ್ಣದು, ಆದ್ದರಿಂದಲೇ ಹೇಳಬೇಕಾದದ್ದು. ಕೋವಿನ್ ವ್ಯವಸ್ಥೆಯಲ್ಲಿ ಒಂದು ಮೊಬೈಲ್ ಸಂಖ್ಯೆಯಿಂದ ನಾಲ್ವರ ಹೆಸರನ್ನು ನೋಂದಾಯಿಸಬಹುದಿತ್ತು. ಮೇ ತಿಂಗಳಲ್ಲಿ ನಮ್ಮ ಮಕ್ಕಳು ಪರದೆಯ ಮುಂದೆ ಗಂಟೆಗಟ್ಟಲೆ ಕಾದು, ಇಲ್ಲಿಯ ತಮ್ಮ ಹೆಸರಿಗೂ ಧಾರವಾಡದಲ್ಲೋ ಉಡುಪಿಯಲ್ಲೋ ಇರುವ ಬಂಧುಗಳ ಹೆಸರಿಗೂ ಸ್ಲಾಟ್ ಹಿಡಿದರು. ಗಂಡಹೆಂಡಿರು ಇಬ್ಬರೇ ಇರುವ ಮನೆಯಲ್ಲಿ ನಾಲ್ಕರಲ್ಲಿ ಎರಡು ಸ್ಥಾನ ಬರಿದಾಗಿದ್ದವು. ಸ್ಮಾರ್ಟ್‌ಫೋನ್ ಇಲ್ಲದ, ಇಂಗ್ಲಿಷ್ ಓದಲು ಬಾರದ ಮಾಶಿಯ ಹೆಸರನ್ನು ಅಲ್ಲಿ ಬರೆದ ಮನೆಗಳು ಎಷ್ಟು? ಕೆಲವು ಇದ್ದವು, ಅದನ್ನು ನಾವು ಬಲ್ಲೆವು; ಒಂದು ಮನೆಯವರು ಆಕೆಯ ಜೊತೆಗೆ ಆಕೆಯ ಗಂಡನ ಹೆಸರನ್ನೂ ಬರೆದು, ಕೇಂದ್ರಕ್ಕೆ ಹೋದ ದಿನದ ಕೂಲಿಯನ್ನೂ ಕೊಟ್ಟರು. ಹೆಚ್ಚಿನವರಿಗೆ ಅದು ತೋಚಲೇ ಇಲ್ಲ. ಆ ವೇಳೆಗೆ ಲೋಕಲ್ ರೈಲುಗಳು ಎರಡನೆಯ ಬಾರಿ ನಿಂತು, ಮೇ 6ರಿಂದ ಅಕ್ಟೋಬರ್ ಕೊನೆಯವರೆಗೆ ಮಾಶಿ ಬರುವ ದಾರಿಯೇ ಮುಚ್ಚಿದಂತಿತ್ತು. ಸರ್ಕಾರ ಬೀದಿ ವ್ಯಾಪಾರಿಗಳನ್ನೂ ಸಾರಿಗೆ ನೌಕರರನ್ನೂ ಆದ್ಯತೆಯ ಪಟ್ಟಿಗೆ ಸೇರಿಸಿತು. ಜೂನಿನಲ್ಲಿ ಬಸ್ಸನ್ನೇ ಲಸಿಕಾ ಕೇಂದ್ರವನ್ನಾಗಿ ಮಾಡಿ ಮಾರುಕಟ್ಟೆಗಳಿಗೆ ಕಳುಹಿಸಲಾಯಿತು. ನಮ್ಮ ಅಡಿಗೆಮನೆಯೊಳಗೆ ಬರುವವಳ ಹೆಸರು ಯಾವ ಪಟ್ಟಿಯಲ್ಲಿದೆಯೆಂದು ವಿಚಾರಿಸುವುದು ಮಾತ್ರ ಅವಳ ಕೈಯ ಚಹಾ ಕುಡಿಯುವವರಿಗೇ ಸೇರಿದ ಕೆಲಸವಾಗಿತ್ತು.

2022ರ ಜುಲೈ 15ರಿಂದ ಎಪ್ಪತ್ತೈದು ದಿನಗಳ ಕಾಲ ವಯಸ್ಕರೆಲ್ಲರಿಗೂ ಮೂರನೆಯ ಡೋಸನ್ನು ಉಚಿತವಾಗಿ ಕೊಡಲಾಯಿತು. ಆಗ ಶೀಷೆಗಳು ಬೇಕಾದಷ್ಟಿದ್ದವು, ಸರದಿಯೂ ಇರಲಿಲ್ಲ, ನೂಕುನುಗ್ಗಲೂ ಇರಲಿಲ್ಲ. ಎಲೆ ಹಾಕಿ ಕರೆದರೂ ಬಂದವರು ಕಡಿಮೆ.