ಹಿಟ್ಟಿನ ಕೋಳಿಯೂ ಬೆಳಕಿನ ಮೊಸಳೆಯೂ

ಹಿಂಸೆಯು ಕೈಯಲ್ಲಿರುವುದೋ ಸಂಕಲ್ಪದಲ್ಲಿರುವುದೋ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಜನ್ನನಷ್ಟು ತೀಕ್ಷ್ಣವಾಗಿ ಎತ್ತಿದವರು ವಿರಳ. ೧೨೦೯ರಲ್ಲಿ ರಚಿತವಾದ ಅವನ ‘ಯಶೋಧರ ಚರಿತೆ’ಯಲ್ಲಿ ಅರಸನು ಸಜೀವ ಬಲಿಗೆ ಒಪ್ಪದೆ, ಆದರೂ ತಾಯಿಯ ಮಾತಿಗೆ ಕಟ್ಟುಬಿದ್ದು, ಹಿಟ್ಟಿನ ಕೋಳಿಯನ್ನು ದೇವಿಗೆ ಒಪ್ಪಿಸುವನು. ಕೊಯ್ದದ್ದು ಹಿಟ್ಟು, ಫಲವಾದರೋ ತಾಯಿಮಕ್ಕಳಿಬ್ಬರಿಗೂ ಹಲವು ತಿರ್ಯಗ್ಜನ್ಮಗಳು. ಅವುಗಳಲ್ಲೊಂದರಲ್ಲಿ ಅವರು ಮೀನು ಮೊಸಳೆಗಳಾಗಿ ನೀರಿನಲ್ಲಿ ಹುಟ್ಟುವರೆಂಬುದು ಪ್ರಕೃತ ವಿಷಯಕ್ಕೆ ವಿಚಿತ್ರವಾಗಿ ಒದಗಿಬರುವ ಸಂಗತಿ.

ಪ್ರಕೃತ ವಿಷಯವಾವುದೆಂದರೆ, ಗಣಕಯಂತ್ರದ ತೆರೆಯ ಮೇಲಿನ ‘ರೈಲ್ ಶೂಟರ್’ ಎಂಬ ಆಟ. ಗಾಡಿಯು ಕಂಬಿಯನ್ನು ಬಿಟ್ಟು ಹೋಗಲಾರದಂತೆ ಇದರಲ್ಲಿ ಆಡುವವನ ವಾಹನವು ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಸಾಗುವುದು; ತುಸು ಅತ್ತಿತ್ತ ಸರಿಯುವುದು, ಗುರಿಯಿಟ್ಟು ಹೊಡೆಯುವುದು, ಇಷ್ಟೇ ಅವನ ಪಾಲಿನದು. ಜಪಾನಿನ ಸೆಗಾ ಸಂಸ್ಥೆಯವರು ೧೯೮೫ರಲ್ಲಿ ‘ಸ್ಪೇಸ್ ಹ್ಯಾರಿಯರ್’ ಎಂಬುದನ್ನೂ, ನಿಂಟೆಂಡೋದವರು ೧೯೯೩ರಲ್ಲಿ ‘ಸ್ಟಾರ್ ಫಾಕ್ಸ್’ ಎಂಬುದನ್ನೂ ಹೊರತಂದರು. ೧೯೯೮ರ ‘ದಿ ಓಷನ್ ಹಂಟರ್’ನಲ್ಲಿ ಸೆಗಾದವರೇ ಬೇಟೆಯನ್ನು ಕಡಲೊಳಕ್ಕೆ ಇಳಿಸಿದರು. ಈಗಿನ ಯಂತ್ರಗಳು ಎಷ್ಟೋ ಬಲಿಷ್ಠವಾಗಿದ್ದರೂ ಕೆಲವು ರಚಕರು ಹಳೆಯ ಆಟಗಳ ಕೆಲವೇ ಬಣ್ಣಗಳನ್ನೂ ಮೊನಚು ಮೂಲೆಯ ಆಕೃತಿಗಳನ್ನೂ ಬೇಕೆಂದೇ ಅನುಸರಿಸುವರು. ಷಟ್ಪದಿಯ ಕಟ್ಟಿಗೆ ಒಳಪಟ್ಟು ಬರೆಯುವವನನ್ನು ಬಲ್ಲವರಿಗೆ ಇದು ಹುಚ್ಚೆಂದು ತೋರದು. ಅಲ್ಲದೆ, ದೂರದ ವಸ್ತುವನ್ನು ಚಿತ್ರಿಸುವ ಶಕ್ತಿ ಸಾಲದ ಹಳೆಯ ಯಂತ್ರಗಳಲ್ಲಿ ಮಂಜನ್ನು ಮುಸುಕುತ್ತಿದ್ದರು. ನೀರಿನೊಳಗೆ ಆ ಮಬ್ಬು ಸಹಜವಾದುದು. ಮಳೆಗಾಲದ ಕೃಷ್ಣೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೇವದುರ್ಗದ ತರುಣನೊಬ್ಬನು ಆ ಕೃಷ್ಣೆಯನ್ನೇ ತನ್ನ ಆಟಕ್ಕೆ ನೆಲೆಯಾಗಿಸಿದನೆಂದು ಇಟ್ಟುಕೊಂಡರೆ, ಮೊಸಳೆಗಳಿಗಾಗಿ ಅವನು ದೂರ ಹುಡುಕಬೇಕಾಗಿಲ್ಲ. ತೆರೆಯ ಮೇಲೆ ಮೊಸಳೆಯು ಬಾಯ್ದೆರೆದು ಬರುವುದು, ಗುಂಡು ತಗಲಿ ಚೂರಾಗುವುದು. ಆರಿದ್ದು ಬೆಳಕಿನ ಚುಕ್ಕೆಗಳು ಮಾತ್ರ. ರಾಯಚೂರಿನ ಮನೆಯೊಂದರಲ್ಲಿ ಹತ್ತು ವರ್ಷದ ಹುಡುಗನು ಅದನ್ನು ಆಡುತ್ತ ಕುಳಿತರೆ ದೋಷವುಂಟೆ?

ಹಿಟ್ಟಿನ ಪ್ರತಿಮೆಯೆಲ್ಲವೂ ಪಾಪವೆನ್ನುವಂತಿಲ್ಲ. ಮಾಧ್ವ ಸಂಪ್ರದಾಯದಲ್ಲಿ ಯಜ್ಞಕ್ಕೆ ಜೀವಂತ ಪಶುವಿನ ಬದಲು ಪಿಷ್ಟಪಶುವನ್ನೇ ವಿಧಿಸಿದೆ. ಅಲ್ಲಿಯೂ ಹಿಟ್ಟು, ಇಲ್ಲಿಯೂ ಹಿಟ್ಟು. ಎರಡೂ ಕಡೆ ಪ್ರಾಣಿಯು ಉಳಿಯಿತು. ಭೇದವಿರುವುದು ಹೊಡೆಯುವ ಕ್ಷಣದಲ್ಲಿ ಮನಸ್ಸು ಬಯಸಿದುದರಲ್ಲಿ. ಯಶೋಧರನಿಗೆ ತನ್ನ ಕೇಡಿನ ಶಾಂತಿಗಾಗಿ ಒಂದು ಪ್ರಾಣವು ಬೆಲೆಯಾಗಿ ಬೇಕಾಗಿತ್ತು. ಯಜಮಾನನಿಗೆ ಪ್ರಾಣವು ಬೇಕಾಗಿಲ್ಲ. ಚದುರಂಗದಲ್ಲಿ ಆನೆ ಕುದುರೆಗಳನ್ನು ದಿನವೂ ಕಡಿಯುವರು. ಯಾರೂ ಪ್ರಾಯಶ್ಚಿತ್ತವನ್ನು ಕೇಳಿಲ್ಲ, ಏಕೆಂದರೆ ಅಲ್ಲಿ ಚಿತ್ತವು ಮನೆಯ ಮೇಲಿರುವುದೇ ಹೊರತು ನೆತ್ತರಿನ ಮೇಲಲ್ಲ. ಆದುದರಿಂದ ಹುಡುಗನ ವಿಷಯದಲ್ಲಿ ತೀರ್ಪು ಕೊಡುವ ಮುನ್ನ ಅವನ ಮುಖವನ್ನು ನೋಡತಕ್ಕದ್ದು.

ರಚಕನ ವಿಷಯವು ಬೇರೆ. ಮಾನ್ವಿಯ ಜಗನ್ನಾಥದಾಸರೂ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರೂ ನಡೆದ ಪಂಥದಲ್ಲಿ ಜೀವನ ಕರ್ತೃತ್ವವು ಪರಾಧೀನವಾದುದು. ಕಂಬಿಯ ಮೇಲೆ ಸಾಗುತ್ತ ಗುರಿಯಿಡುವವನು ಆ ತತ್ತ್ವದ ಆಟಿಕೆಯಂತೆ ಕಾಣುವನು. ಆದರೆ ಹೋಲಿಕೆಯು ಅರ್ಧ ದಾರಿಯಲ್ಲಿಯೇ ಕುಂಟುವುದು. ಶಾಸ್ತ್ರದಲ್ಲಿ ದಾರಿಯನ್ನಿಟ್ಟವನು ಜೀವನ ಅನಾದಿ ಕರ್ಮವನ್ನನುಸರಿಸಿ ಇಡುವನಾದುದರಿಂದ ಅವನಿಗೆ ವೈಷಮ್ಯದ ದೋಷವಿಲ್ಲ. ಹುಡುಗನ ಯಾವ ಕರ್ಮವು ಆ ಮೊಸಳೆಯನ್ನು ತಂದಿತು? ತಂದವನು ರಚಕನು; ಕೊಲ್ಲತಕ್ಕದ್ದನ್ನೇ ಕಣ್ಣೆದುರಿಟ್ಟು ಒಂದೇ ಗುಂಡಿಯನ್ನು ಕೈಗೆ ಕೊಟ್ಟವನೂ ಅವನೇ. ಮಾಂಸದ ಪ್ರಸಂಗದಲ್ಲಿ ಮನುವು ಕೊಂದವನನ್ನಷ್ಟೇ ಅಲ್ಲದೆ ಅನುಮತಿಯಿತ್ತವನನ್ನೂ ಮಾರಿದವನನ್ನೂ ಬಡಿಸಿದವನನ್ನೂ ಘಾತುಕರಲ್ಲಿ ಎಣಿಸಿರುವನು.

ಹಾಗೆಂದು ಅವನು ಕೆಲಸವನ್ನೇ ಬಿಡಬೇಕೆನ್ನುವುದು ಅತಿಯಾದೀತು. ಹೊಡೆಯದೆ ತಪ್ಪಿಸಿಕೊಂಡು ಸಾಗಿದವನಿಗೂ ದಾರಿಯು ತೆರೆದಿರಲಿ, ಅವನಿಗೂ ಅಂಕಗಳು ದೊರೆಯಲಿ. ಮೇಲೆ ತೇಲುವ ಹರಿಗೋಲಿಗೂ ಬೆಸ್ತರ ಬಲೆಗೂ ತಾಗದಂತೆ ನಡೆಸುವುದೂ ಜಾಣತನವೆನಿಸಲಿ. ಹೀಗೆ ಮಾಡಿದರೆ ಆಟದ ರುಚಿಯೇ ಕೆಡುವುದೆಂದು ಯಾರಾದರೂ ವಾದಿಸಿದರೆ, ರುಚಿಯು ಯಾವುದರಲ್ಲಿತ್ತೆಂಬುದನ್ನು ಅವರೇ ಹೇಳಿದಂತಾಯಿತು. ಇನ್ನೊಂದು ಸಣ್ಣ ವಿಷಯವುಂಟು. ಜನ್ನನ ಹಿಟ್ಟಿನ ಕೋಳಿಯು ಕತ್ತಿಯ ಏಟಿಗೆ ಕೂಗಿತು. ಗುಂಡು ತಗಲಿದ ಬೆಳಕಿನ ಮೊಸಳೆಯು ಕೂಗಬೇಕೋ, ನಾಣ್ಯ ಬಿದ್ದಂತೆ ಠಣ್ಣೆನ್ನಬೇಕೋ ಎಂಬುದನ್ನೂ ರಚಕನೇ ಗೊತ್ತುಮಾಡುವನು.