ಲಜ್ಜೆಯೂ ಒಪ್ಪಿಗೆಯೂ

ಲಜ್ಜೆಯು ಸ್ತ್ರೀಗೆ ಭೂಷಣವೆಂದು ನಾವು ಶಾಲೆಯಲ್ಲಿ ನಿಬಂಧ ಬರೆಯಿಸುತ್ತೇವೆ. ಆ ಭೂಷಣದ ಬೆಲೆಯನ್ನು ಯಾರು ತೆರುತ್ತಾರೆಂದು ಯಾವ ನಿಬಂಧದಲ್ಲಿಯೂ ಕೇಳುವುದಿಲ್ಲ. ಗರ್ಭಕಂಠದ ಕ್ಯಾನ್ಸರಿನ ವಿಷಯದಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದ ಸುಮಾರು 80 ಸಾವಿರ ಹೆಂಗಸರು ಈ ರೋಗದಿಂದ ತೀರಿಕೊಂಡರು. ಇದು ಒಮ್ಮೆಲೇ ಬಂದೆರಗುವ ರೋಗವೂ ಅಲ್ಲ. ಎಚ್‌ಪಿವಿ ಎಂಬ ವೈರಸ್ಸು ಮೈಯಲ್ಲಿ ನೆಲೆನಿಂತು, ಅನೇಕ ವರ್ಷ ಸದ್ದಿಲ್ಲದೆ ಕೆಲಸ ನಡೆಸಿದ ಮೇಲೆಯೇ ಕ್ಯಾನ್ಸರು ತಲೆಯೆತ್ತುತ್ತದೆ. ಅಷ್ಟರೊಳಗೆ ತಪಾಸಣೆಯಾದರೆ ರೋಗವನ್ನು ಹುಟ್ಟುವ ಮೊದಲೇ ತಡೆಯಬಹುದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

"ನಮ್ಮ ಹೆಂಗಸರು ನಾಚುತ್ತಾರೆ, ಒಪ್ಪುವುದಿಲ್ಲ" ಎಂಬುದು ಇದಕ್ಕೆ ಸಿದ್ಧ ಉತ್ತರ. ಈ ಮಾತು ನಿಜವೇ? ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ; ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೇ ಸಾಕು. 1987ರಲ್ಲಿ ಅಲ್ಲಿ ಕ್ಯಾನ್ಸರ್ ರೋಗಿಗಳ ನೋಂದಣಿ ಆರಂಭವಾಯಿತು. ಹಳ್ಳಿಗಳಿಗಾಗಿ ಭಾರತದಲ್ಲಿ ನಡೆದ ಇಂಥ ಮೊದಲ ಕಾರ್ಯ ಅದು. ಕಾರ್ಯಕರ್ತರು ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ ಹಳ್ಳಿಹಳ್ಳಿಗೆ ಲೆಕ್ಕ ಬರೆಯಲು ಹೋದರು. ಲೆಕ್ಕ ಕೇಳಬೇಕಾದರೆ ಮಾತನಾಡಲೇಬೇಕು. ರೋಗದ ಲಕ್ಷಣಗಳನ್ನು ಹೆಸರಿಟ್ಟು ಹೇಳಲೇಬೇಕು. ಕೆಲವು ವರ್ಷ ಹೀಗೆ ನಡೆಯುವಷ್ಟರಲ್ಲಿ, ರೋಗವು ಮೊದಲ ಹಂತಗಳಲ್ಲಿರುವಾಗಲೇ ದವಾಖಾನೆಗೆ ಬರುವ ಹೆಂಗಸರ ಪ್ರಮಾಣ ಹೆಚ್ಚಿತು. ಬರಿಯ ಮಾತಿನಿಂದ!

ಮುಂದೆ 1999ರಿಂದ ನೆರೆಯ ಉಸ್ಮಾನಾಬಾದ, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿ 1,31,746 ಹೆಂಗಸರ ನಡುವೆ ಒಂದು ದೊಡ್ಡ ಅಧ್ಯಯನ ನಡೆಯಿತು. ಮೂರು ಗುಂಪುಗಳಿಗೆ ಮೂರು ಬಗೆಯ ತಪಾಸಣೆ, ನಾಲ್ಕನೆಯದಕ್ಕೆ ತಪಾಸಣೆಯಿಲ್ಲ. ಕರೆದ ಗುಂಪುಗಳಲ್ಲಿ ಐವರಲ್ಲಿ ಸುಮಾರು ನಾಲ್ವರು ಬಂದರು. ಅವರೂ ಸೆರಗು ಹೊದ್ದ, ಜೋಳ ಬೆಳೆಯುವ ನಾಡಿನ ಹೆಂಗಸರೇ. ನಾಚಿಕೆ ಅವರಿಗೂ ಇತ್ತು. ಆದರೆ ಅವರ ಎದುರು ಕುಳಿತು ಕೇಳುವವರು ಒಬ್ಬರಿದ್ದರು.

ಈ ಅಧ್ಯಯನದ ಫಲವು 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ತಪಾಸಣೆಯ ಗುಂಪಿನಲ್ಲಿ ಈ ರೋಗದಿಂದ ಸತ್ತವರು 34. ತಪಾಸಣೆಯಿಲ್ಲದ ಗುಂಪಿನಲ್ಲಿ 64. ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮಾನವಾದವು. ತಪಾಸಣೆಯಿಂದ ಜೀವ ಉಳಿಯುವುದೆಂದು ಮೊದಲೇ ತಿಳಿದಿರುವಾಗ ಒಂದು ಗುಂಪನ್ನು ಹಾಗೆಯೇ ಬಿಟ್ಟದ್ದು ಧರ್ಮವೇ ಎಂದು ಅನೇಕರು ಆಕ್ಷೇಪಿಸಿದರು. ಆ ಭಾಗದಲ್ಲಿ ಎಲ್ಲರೂ ತಪಾಸಣೆಯಿಲ್ಲದೆಯೇ ಬಾಳುತ್ತಿದ್ದರೆಂಬುದು ಸಂಶೋಧಕರ ಸಮಾಧಾನ. ಆಕ್ಷೇಪವು ನನಗೆ ನ್ಯಾಯವಾಗಿಯೇ ತೋರುತ್ತದೆ. ಆದರೆ ಅದನ್ನು ಓದುವಾಗ ಬೆರಳು ನಮ್ಮ ಕಡೆಗೂ ತಿರುಗುತ್ತದೆ. ಫಲವು ಗೊತ್ತಾದ ಮೇಲೆಯೂ ನಮ್ಮ ತಾಯಂದಿರನ್ನೂ ಅಕ್ಕತಂಗಿಯರನ್ನೂ ಆ ನಾಲ್ಕನೆಯ ಗುಂಪಿನಲ್ಲಿಯೇ ಇರಿಸಿರುವ ನಮಗೆ ಪ್ರಯೋಗವೆಂಬ ನೆಪವೂ ಇಲ್ಲ.

ಹಾಗಾದರೆ ಈ ಲಜ್ಜೆ ಯಾರದು? ಅಕ್ಕಲಕೋಟೆ ತಾಲೂಕಿನ ಒಬ್ಬ ಸೊಸೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಮಾತು ಕನ್ನಡ, ದವಾಖಾನೆಯ ಮಾತು ಮರಾಠಿ, ಔಷಧದ ಚೀಟಿ ಇಂಗ್ಲಿಷಿನಲ್ಲಿ. ಬಿಳಿ ಹೋಗುವುದನ್ನೂ, ಗಂಡನೊಡನೆ ಕೂಡಿದ ಮೇಲೆ ರಕ್ತ ಕಾಣುವುದನ್ನೂ ಅತ್ತೆಗೆ ಹೇಳಲು ಅವಳಿಗೆ ಬಾಯಿಲ್ಲ. ಪರಭಾಷೆಯಲ್ಲಿ ಡಾಕ್ಟರರಿಗೆ ಹೇಳುವುದಂತೂ ದೂರ. ನಾವು ಮಾಸ್ತರರು ಕಲಿಸುವ "ಗರ್ಭಕಂಠ"ವು ಅವಳಿಗೆ ಅರ್ಥವಾಗದು. "ಗರ್ಭಚೀಲದ ಬಾಯಿ" ಎಂದರೆ ಅರ್ಥವಾದೀತು. ವೈರಸ್ಸು ದಾಂಪತ್ಯದ ಸಂಪರ್ಕದಿಂದ ಬರುತ್ತದೆಂದು ಅರೆಬರೆ ಕೇಳಿದವರು ಅವಳ ನಡತೆಯನ್ನೇ ಶಂಕಿಸಬಹುದು. ನಿಜವಾಗಿ ಅದು ಅತಿ ಸಾಮಾನ್ಯವಾದ ಸೋಂಕು. ಬಹುಪಾಲು ಜನರಲ್ಲಿ ತಾನೇ ಅಳಿಯುತ್ತದೆ. ಯಾರ ಶೀಲಕ್ಕೂ ಅದು ಸಾಕ್ಷಿಯಲ್ಲ. ಅವಳ ಮೌನವನ್ನು ನಾವು ಲಜ್ಜೆಯೆನ್ನುತ್ತೇವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮನೆಯವರ ಅಂಜಿಕೆ. ಹೊರುವವಳು ಮಾತ್ರ ಅವಳು.

ತಿಳಿಯದೆ ಅಂದ "ಬೇಡ" ನಿರಾಕರಣೆಯಾಗದು. ಹಾಗೆಯೇ ಆರೋಗ್ಯ ಶಿಬಿರದಲ್ಲಿ ಏನೂ ತಿಳಿಯದೆ ಹೆಬ್ಬೆಟ್ಟೊತ್ತಿದ್ದು ಒಪ್ಪಿಗೆಯಾಗದು. ಎರಡಕ್ಕೂ ಮೊದಲು ಅವಳ ಭಾಷೆಯಲ್ಲಿ ಒಂದು ಪ್ರಶ್ನೆ ಬೇಕು, ಉತ್ತರ ಕೊಡಲು ಪುರಸೊತ್ತು ಬೇಕು. ಸರಕಾರದ ತಪಾಸಣೆ 30ನೆಯ ವಯಸ್ಸಿನಿಂದ ತೊಡಗುತ್ತದೆ. ತ್ರಾಸು ಕಂಡವಳು ಮಾತ್ರ ಯಾವ ವಯಸ್ಸಿನಲ್ಲಿಯೂ ಕಾಯಬಾರದು. 9ರಿಂದ 14 ವಯಸ್ಸಿನ ಹುಡುಗಿಯರಿಗೆ ಲಸಿಕೆಯುಂಟು. ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಡಬಹುದಾದ ಎಚ್‌ಪಿವಿ ಪರೀಕ್ಷೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಲಜ್ಜೆಯನ್ನು ಹೀಗಳೆಯದೆ ಅದಕ್ಕೊಂದು ಮರೆಯನ್ನು ಕಟ್ಟಿಕೊಟ್ಟ ಈ ಉಪಾಯ ನನಗೆ ಬಹಳ ಹಿಡಿಸಿತು.

ಎಲ್ಲವನ್ನೂ ತಿಳಿದ ಮೇಲೆಯೂ ಒಬ್ಬಳು ಬೇಡವೆಂದರೆ? ಕೈಹಿಡಿದು ಎಳೆಯುವ ಅಧಿಕಾರ ನಮಗಿಲ್ಲ. ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ. ಆ "ಬೇಡ" ಅವಳದೇ. ಬರುವ ವರ್ಷ ಮತ್ತೊಮ್ಮೆ ಕೇಳಬಹುದು.