ತಿಕ್ಕಿ ತೊಳೆದ ಹೂವುಗಳು

ಜಮಖಂಡಿಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಎಲೆ-ಅಡಿಕೆ ಇಡುವ ಹಳೆಯ ಬಿದ್ರಿ ಡಬ್ಬಿಯೊಂದಿತ್ತು. ಕಪ್ಪು ಮೈ, ಮುಚ್ಚಳದ ಮೇಲೆ ಬೆಳ್ಳಿಯ ಹೂಬಳ್ಳಿ. ಹಬ್ಬದ ಮುಂಚೆ ಸೊಸೆ ಅದನ್ನೂ ಹಿತ್ತಾಳೆ ಪಾತ್ರೆಗಳ ಜೊತೆ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದಳು. "ಹೊಲಸೆಲ್ಲಾ ಹೋತು ನೋಡ್ರಿ ಅತ್ತಿ" ಎಂದು ತಂದಿಟ್ಟಳು. ಡಬ್ಬಿ ಬೂದಿಬಣ್ಣಕ್ಕೆ ತಿರುಗಿತ್ತು, ಹೂವುಗಳನ್ನು ಹುಡುಕಬೇಕಾಗಿತ್ತು. ಚಿಕ್ಕಮ್ಮ ಒಂದು ಮಾತೂ ಆಡದೆ ಅದನ್ನು ಟ್ರಂಕಿನೊಳಗಿಟ್ಟರು.

ಆ ಕಪ್ಪು ಕೊಳೆಯಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದಾಗ ಬಿದ್ರಿ ಪಾತ್ರೆ ಬೂದು ಬಣ್ಣದ್ದೇ. ಗೀರುವ ಗೆರೆ ಕಾಣಲೆಂದು ಕುಶಲಕರ್ಮಿ ಮೊದಲು ಮೈಲುತುತ್ತದ ನೀರು ಸವರುತ್ತಾನೆ. ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂಡಿಸಿ ಬಡಿಯುತ್ತಾನೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದ್ದುತ್ತಾನೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಕಪ್ಪಾಗುವುದಿಲ್ಲ. ಇಷ್ಟು ದುಡಿಮೆಯೆಲ್ಲ ಆ ಕಪ್ಪಿಗಾಗಿಯೇ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದದ್ದು ಈ ಕೈಕೆಲಸಕ್ಕೇ.

ಜಪಾನಿನ ಕತ್ತಿಯ ಹಿಡಿಕೆ, ಕಾಪುಬಿಲ್ಲೆಗಳಲ್ಲೂ ಇದೇ ವಿದ್ಯೆ ಇದೆ. ತಾಮ್ರಕ್ಕೆ ತುಸು ಚಿನ್ನ ಸೇರಿಸಿ ಕಪ್ಪಾಗಿಸುವ ಶಕುದೋ ಎಂಬ ಮಿಶ್ರಲೋಹದ ಮೇಲೆ ಅವರು ಬೆಳ್ಳಿ ಬಂಗಾರದಲ್ಲಿ ಹಕ್ಕಿ, ಹೂವು ಮೂಡಿಸಿದರು. 1876ರಲ್ಲಿ ಸಮುರಾಯ್‌ಗಳು ಕತ್ತಿ ಧರಿಸುವುದು ನಿಷೇಧವಾದಾಗ ಆ ಕುಶಲಕರ್ಮಿಗಳು ಹೂದಾನಿ ಮಾಡತೊಡಗಿದರು. ಕತ್ತಿ ಹೋದರೂ ಕಪ್ಪನ್ನು ಮಾತ್ರ ಅವರು ಕೈಬಿಡಲಿಲ್ಲ.

ಸೊಸೆಯದು ತಪ್ಪೇ? ಡಬ್ಬಿ ಅವರ ಮನೆಯದು, ದುಡ್ಡು ಕೊಟ್ಟು ಕೊಂಡದ್ದು. ಆದರೆ ಕೊಂಡವನಿಗೆ ಅಳಿಸುವ ಹಕ್ಕೂ ಬರುತ್ತದೆಯೇ ಎಂಬುದು ನನ್ನನ್ನು ಕಾಡುತ್ತದೆ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ನೇಯ್ದ ಸೀರೆ ಹರಿದ ಮೇಲೆ ಕೌದಿಯಾಗುತ್ತದೆ. ನೇಕಾರನಿಗೆ ಅದರಿಂದ ನೋವಿಲ್ಲ, ಉಟ್ಟು ಹರಿದದ್ದು, ಹೊದೆಯಲು ಮತ್ತೆ ಹೊಲಿದದ್ದು. ಡಬ್ಬಿಯೂ ಎಲೆ-ಅಡಿಕೆ ಇಟ್ಟಿಟ್ಟು ಸವೆದಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ. ಕಪ್ಪೆಂದರೆ ಹೊಲಸು ಎಂದು ನೋಡದೆಯೇ ತೀರ್ಮಾನಿಸಿದ್ದು ಬೇರೆ ಮಾತು. ಆ ಸೊಸೆಗೆ ಮಾತ್ರವಲ್ಲ, ಮನುಷ್ಯರ ಮೈಬಣ್ಣ ನೋಡುವಾಗ ನಮಗೆಲ್ಲ ಅದು ರೂಢಿಯಾಗಿದೆ.

ಬೀದರಿನವರ ಕೈಗೆ ಕೊಟ್ಟರೆ ಮತ್ತೆ ಕಪ್ಪಾಗಿಸಬಲ್ಲರು. ಇಟ್ಟಂಗಿ ಪುಡಿಗೆ ಸವೆದ ಬೆಳ್ಳಿ ಮಾತ್ರ ಹೋದದ್ದೇ. ಚಿಕ್ಕಮ್ಮನಿಗೆ ಹೇಳಿದೆ, ಅವರು ಟ್ರಂಕಿನ ಕಡೆ ನೋಡಿ ಸುಮ್ಮನಾದರು. ನಾನು ಹೊರಡುವಾಗ ಸೊಸೆ ಬಾಗಿಲ ತನಕ ಬಂದು, "ಬೀದರಕ್ಕ ಹೋಗೋರು ಯಾರರ ಇದ್ದರ ಹೇಳ್ರಿ" ಎಂದಳು.